ಗೋಣಿಬಟ್ಟೆಯ ಮೇಲೆ ಕಾಂಕ್ರೀಟಿನ ಮಾಡು

ಮಾನ್ಯ ಸಂಪಾದಕರೇ,

ಸಕಲೇಶಪುರದ ಬಳಿಯ ನಮ್ಮ ತೋಟದ ಪಂಪ್‌ಸೆಟ್ ಮನೆಗೆ ತಗಡಿನ ಬದಲು, ಕಾಫಿ ತುಂಬುವ ಹಳೆಯ ಗೋಣಿಚೀಲಗಳನ್ನು ಬಿಚ್ಚಿ ಹೊಲಿದು, ಬಿದಿರಿನ ಕಮಾನುಗಳ ಮೇಲೆ ಹೊದಿಸಿ, ಸಿಮೆಂಟ್ ಗಾರೆಯನ್ನು ತೆಳುವಾಗಿ ಮೂರು ಪದರ ಬಳಿದು ಮಾಡು ಕಟ್ಟಿದ್ದೇವೆ. ಇದು ನಮ್ಮ ಸ್ವಂತ ಬುದ್ಧಿಯೇನಲ್ಲ. ಎಂಜಿನಿಯರ್ ಜೇಮ್ಸ್ ವಾಲರ್ 1940ರ ದಶಕದಲ್ಲೇ ಈ ಪದ್ಧತಿಯನ್ನು ಬಳಕೆಗೆ ತಂದು, ಇರಾಕಿನ ಪ್ರಾಚೀನ ಟೆಸಿಫಾನ್ ಕಮಾನಿನ ಹೆಸರನ್ನೇ ಅದಕ್ಕೆ ಇಟ್ಟಿದ್ದರು. ಹಸಿ ಗಾರೆಯ ಭಾರಕ್ಕೆ ಬಟ್ಟೆ ಕಮಾನುಗಳ ನಡುವೆ ತಾನಾಗಿ ಜೋಲುತ್ತದೆ. ಹೀಗೆ ಮೂಡುವ ಅಲೆಯಾಕಾರವೇ ತೆಳು ಚಿಪ್ಪಿಗೆ ಬಿಗಿ ಕೊಡುತ್ತದೆ.

ನಮ್ಮ ಮೊದಲ ಮಾಡು ನಾಲ್ಕೇ ದಿನದಲ್ಲಿ ಕೂದಲೆಳೆಯಂಥ ಬಿರುಕು ಬಿಟ್ಟಿತು. ತಪ್ಪು ನಮ್ಮದೇ: ತೆಳು ಪದರ ಫೆಬ್ರುವರಿಯ ಬಿಸಿಲಿಗೆ ಬೇಗ ಒಣಗುತ್ತದೆಂದು ಹೊಳೆದಿರಲಿಲ್ಲ. ಎರಡನೆಯದಕ್ಕೆ ಕೋಳಿ ಜಾಲರಿ ಸೇರಿಸಿ, ಒದ್ದೆ ಗೋಣಿ ಹೊದಿಸಿ, ಹತ್ತು ದಿನ ನೀರುಣಿಸಿದೆವು. ಒಂದು ಮಳೆಗಾಲವನ್ನು ಅದು ಸೋರದೆ ಕಳೆದಿದೆ. ಆದರೂ ಸಿಮೆಂಟಿನ ಕ್ಷಾರಕ್ಕೆ ಸೆಣಬಿನ ನಾರು ಕ್ರಮೇಣ ಸತ್ವ ಕಳೆದುಕೊಳ್ಳುವುದರಿಂದ, ವಾಸದ ಮನೆಗೆ ಇದನ್ನು ಬಳಸುವ ಧೈರ್ಯ ನನಗಿಲ್ಲ. ಹಾಸನದ ಎಂಜಿನಿಯರಿಂಗ್ ಕಾಲೇಜುಗಳು ವಿದ್ಯಾರ್ಥಿಗಳಿಂದ ಇಂಥ ಚಿಪ್ಪುಗಳನ್ನು ಕಟ್ಟಿಸಿ, ಮರಳಿನ ಮೂಟೆ ಹೇರಿ, ಎಷ್ಟು ಭಾರ ತಡೆಯುತ್ತವೆಂದು ಪರೀಕ್ಷಿಸಿ ಪ್ರಕಟಿಸಬೇಕೆಂದು ಕೋರುತ್ತೇನೆ.

– ಕಾಫಿ ಬೆಳೆಗಾರ, ಸಕಲೇಶಪುರ