ಭಾನುವಾರ ಹಳೇ ಕಾರುಗಳ ಪೆಟ್ರೋಲ್ ಪೈಪ್ ತಪಾಸಣೆ

ಎಲ್ಲರಿಗೂ ನಮಸ್ಕಾರ.

ಪುಣೆಯಿಂದ ಬೆಳಗಾವಿಗೆ ಹೊರಟಿದ್ದ ನಮ್ಮ ಹಳೇ ಕಾರು ಗುಂಪಿನ ಸದಸ್ಯರೊಬ್ಬರ ಪ್ರೀಮಿಯರ್ ಪದ್ಮಿನಿ ಕಾರಿಗೆ ಖಂಬಾಟ್ಕಿ ಘಾಟಿನಲ್ಲಿ ಬಾನೆಟ್ ಒಳಗೆ ಬೆಂಕಿ ಹತ್ತಿತು. ಮನೆಮಂದಿಯೆಲ್ಲ ಕ್ಷೇಮ, ಅದೇ ದೊಡ್ಡದು. ಎಂಜಿನ್‌ಗೆ ಪೆಟ್ರೋಲ್, ಗಾಳಿ ಬೆರೆಸಿ ಕೊಡುವ ಕಾರ್ಬ್ಯುರೇಟರ್‌ಗೆ ಹೋಗುವ ರಬ್ಬರ್ ಪೈಪ್ ಬಿರುಕು ಬಿಟ್ಟಿತ್ತು. ಈಗಿನ ಪೆಟ್ರೋಲಿನಲ್ಲಿ 20% ವರೆಗೂ ಎಥನಾಲ್ ಇರುತ್ತದೆ, ಹಳೇ ರಬ್ಬರ್ ಅದಕ್ಕೆ ಬೇಗ ಹಾಳಾಗುತ್ತದೆ.

ಈ ಭಾನುವಾರ ಬೆಳಗ್ಗೆ 8ಕ್ಕೆ ಕೋಥ್ರೂಡ್‌ನಲ್ಲಿ, ಎಂದಿನ ಜಾಗದಲ್ಲೇ ಸೇರೋಣ. ಪದ್ಮಿನಿ, ಅಂಬಾಸಿಡರ್, ಹಳೇ ಮಾರುತಿ 800 ಇರುವವರು ತಪ್ಪದೆ ಬನ್ನಿ. ಮೆಕ್ಯಾನಿಕ್ ಬರುತ್ತಾರೆ, ಪೈಪ್, ಕ್ಲಿಪ್, ಬ್ಯಾಟರಿ ವೈರ್, ಫ್ಯೂಸ್ ನೋಡಿಸೋಣ. ಪೆಟ್ರೋಲ್ ವಾಸನೆ ಬರುತ್ತಿದ್ದರೆ ಮಾತ್ರ ಕಾರು ಸ್ಟಾರ್ಟ್ ಮಾಡಲೇಬೇಡಿ, ನನಗೆ ಫೋನ್ ಮಾಡಿ.

ದಾರಿಯಲ್ಲಿ ಹೊಗೆ ಕಂಡರೆ ಬದಿಗೆ ನಿಲ್ಲಿಸಿ, ಇಗ್ನಿಷನ್ ಆಫ್ ಮಾಡಿ, ಎಲ್ಲರನ್ನೂ ಇಳಿಸಿ ದೂರ ಕಳಿಸಿ, 101 ಅಥವಾ 112ಕ್ಕೆ ಕರೆ ಮಾಡಿ. ಬಾನೆಟ್ ಪೂರ್ತಿ ಎತ್ತಬೇಡಿ, ಗಾಳಿ ನುಗ್ಗಿ ಉರಿ ಜೋರಾಗುತ್ತದೆ. ನೀರು ಸುರಿದರೆ ಪೆಟ್ರೋಲ್ ಬೆಂಕಿ ಹರಡುತ್ತದೆ. ಜೀವಕ್ಕಿಂತ ಕಾರು ದೊಡ್ಡದಲ್ಲ, ದಯವಿಟ್ಟು.

ಸುಟ್ಟ ಪದ್ಮಿನಿ ಮತ್ತೆ ಓಡುವಂತಾಗಬೇಕು. ನಂದಿಸಲು ಬಳಸಿದ ಪುಡಿ ಲೋಹವನ್ನು ತಿನ್ನುತ್ತದೆ, ಬೇಗ ತೊಳೆಯಬೇಕು. ಆದರೆ ಇನ್ಶೂರೆನ್ಸ್ ಸರ್ವೇಯರ್ ನೋಡಿದ ಮೇಲೆ. ಕರಗಿದ ವೈರಿಂಗ್‌ಗೆ ಟೇಪ್ ಸುತ್ತಿದರೆ ಸಾಲದು, ಹೊಸದೇ ಹಾಕಬೇಕು. ಪದ್ಮಿನಿಗೆ ಹೊಂದುವ ವೈರಿಂಗ್ ಸೆಟ್, ಕಾರ್ಬ್ಯುರೇಟರ್ ಯಾರ ಬಳಿಯಾದರೂ ಇದ್ದರೆ ತಿಳಿಸಿ. ನಿಮ್ಮ ಪಾಲಿಸಿ ಬರೀ ಥರ್ಡ್ ಪಾರ್ಟಿಯೋ ಎಂದೂ ನೋಡಿಕೊಳ್ಳಿ, ಅದರಲ್ಲಿ ಸ್ವಂತ ಕಾರಿನ ಬೆಂಕಿ ನಷ್ಟಕ್ಕೆ ಹಣ ಸಿಗುವುದಿಲ್ಲ.

ಬರುವವರು ಕಾರಿನ ಮಾಡೆಲ್, ವರ್ಷ ಬರೆದು ಶುಕ್ರವಾರ ರಾತ್ರಿಯೊಳಗೆ ಇಲ್ಲೇ ಉತ್ತರಿಸಿ.