ಆ ರಿಪೋರ್ಟ್ ನೋಡಿ ಬೇಡ ಅನ್ನಬೇಡ

ಪ್ರೀತಿಯ ಮಗಳೇ,

ನೀನು ಕಳಿಸಿದ ರಿಪೋರ್ಟ್ ಪೂರ್ತಿ ಓದಿದೆ. ಆಫೀಸಿನಲ್ಲಿ ಮಾಡಿಸಿದ ಪರ್ಸನಾಲಿಟಿ ಟೆಸ್ಟ್ ನಿನ್ನನ್ನು 'ಅಂತರ್ಮುಖಿ' ಅಂದಿದೆ. ಹಾಗಾಗಿ ಟೀಮ್ ಲೀಡ್ ಆಗೋದು ಬೇಡ ಅಂದುಬಿಡಲಾ ಅಂತ ಕೇಳಿದ್ದೀಯ. ಆ ಕೆಲಸ ಒಪ್ಪಿಕೊಳ್ಳೋದು, ಬಿಡೋದು ನಿನಗೆ ಸೇರಿದ್ದು. ಆದರೆ ಆ ಕಾಗದ ನೋಡಿ ಬಿಡಬೇಡ. ಕಾಲೇಜಿನಲ್ಲಿ ವರ್ಷಗಟ್ಟಲೆ ಇದೇ ಪಾಠ ಮಾಡಿದವಳು ನಾನು. ನನ್ನ ಮಗಳೇ ಇದರಲ್ಲಿ ಸಿಕ್ಕಿಕೊಂಡರೆ ಸುಮ್ನೆ ಇರೋಕಾಗುತ್ತಾ?

ಒಬ್ಬೊಬ್ಬರ ಸ್ವಭಾವಕ್ಕೂ ನಾಲ್ಕು ಅಕ್ಷರದ ಗುರುತು ಕೊಡುವ ಈ ಮೈಯರ್ಸ್-ಬ್ರಿಗ್ಸ್ ಪರೀಕ್ಷೆಯನ್ನು ಕಟ್ಟಿದವರೂ ಒಬ್ಬ ತಾಯಿ ಮತ್ತು ಮಗಳೇ. ತಾಯಿ ಕ್ಯಾಥರೀನ್ ಬ್ರಿಗ್ಸ್, ಮಗಳು ಇಸಾಬೆಲ್ ಮೈಯರ್ಸ್. ಇಬ್ಬರೂ ಮನಶ್ಶಾಸ್ತ್ರದಲ್ಲಿ ತರಬೇತಿ ಪಡೆದವರಲ್ಲ. ಸ್ವಿಸ್ ಮನೋವೈದ್ಯ ಕಾರ್ಲ್ ಯೂಂಗ್ 1921ರಲ್ಲಿ ಪ್ರಕಟಿಸಿದ ಪುಸ್ತಕವೊಂದನ್ನು ಓದಿ, ಅದರ ಮೇಲೆ ಇದನ್ನು ಬೆಳೆಸಿದರು. ಅದಕ್ಕೆ ನನ್ನ ತಕರಾರಿಲ್ಲ. ತಕರಾರು ಇರುವುದು ಜನರನ್ನು ಎರಡೇ ಪಾಲು ಮಾಡುವುದರ ಬಗ್ಗೆ. ಎಲ್ಲರ ಎತ್ತರ ಅಳೆದು, ಕೊನೆಗೆ ಕುಳ್ಳರು, ಉದ್ದನೆಯವರು ಅಂತ ಎರಡೇ ಸಾಲು ಮಾಡಿದ ಹಾಗೆ ಅದು. ನಿಜದಲ್ಲಿ ಹೆಚ್ಚಿನವರು ನಡುವೆಯೇ ಇರುತ್ತಾರೆ. ನಿನ್ನ ರಿಪೋರ್ಟಿನ ಎರಡನೇ ಪುಟದ ಕೆಳಗೆ ಸಣ್ಣಕ್ಷರದಲ್ಲಿ ಏನಿದೆ ನೋಡಿದೆಯಾ? ಅಂತರ್ಮುಖಿ ಕಡೆಗೆ ಶೇಕಡಾ 54. ಅಂದರೆ ಒಂದೆರಡು ಪ್ರಶ್ನೆಗೆ ಬೇರೆ ಉತ್ತರ ಕೊಟ್ಟಿದ್ದರೆ ನೀನು ಬಹಿರ್ಮುಖಿ! ಕೆಲವು ವಾರ ಬಿಟ್ಟು ಮತ್ತೆ ಅದೇ ಪರೀಕ್ಷೆ ಬರೆದರೆ ಎಷ್ಟೋ ಜನಕ್ಕೆ ಒಂದಾದರೂ ಅಕ್ಷರ ಬದಲಾಗುವುದು ಇದಕ್ಕೇ.

'ಆದರೆ ಓದ್ತಾ ಓದ್ತಾ ಇದು ನಾನೇ ಅನ್ನಿಸಿತು ಅಮ್ಮ' ಅಂದೆ. ಅನ್ನಿಸದೆ ಏನು? 1948ರಲ್ಲಿ ಬರ್ಟ್ರಮ್ ಫೋರರ್ ಎಂಬ ಮನಶ್ಶಾಸ್ತ್ರಜ್ಞ ತನ್ನ 39 ವಿದ್ಯಾರ್ಥಿಗಳಿಗೆ ಒಂದು ಪರೀಕ್ಷೆ ಕೊಟ್ಟ. ವಾರದ ನಂತರ ಒಬ್ಬೊಬ್ಬರ ಕೈಗೂ ಅವರವರ 'ವ್ಯಕ್ತಿತ್ವದ ಚಿತ್ರ' ಕೊಟ್ಟು, ನಿಮಗೆ ಇದು ಎಷ್ಟು ಒಪ್ಪುತ್ತದೆ, ಐದರಲ್ಲಿ ಅಂಕ ಕೊಡಿ ಅಂದ. ಸರಾಸರಿ 4.26 ಬಂತು. ಆಮೇಲೆ ಗುಟ್ಟು ಬಿಚ್ಚಿಟ್ಟ. ಎಲ್ಲರಿಗೂ ಕೊಟ್ಟಿದ್ದು ಒಂದೇ ಹಾಳೆ, ಅದರ ಸಾಲುಗಳನ್ನು ಹೆಚ್ಚಾಗಿ ಆರಿಸಿದ್ದು ಒಂದು ಜ್ಯೋತಿಷ್ಯದ ಪುಸ್ತಕದಿಂದ! 'ಒಮ್ಮೊಮ್ಮೆ ಜನರ ಜೊತೆ ಚೆನ್ನಾಗಿ ಬೆರೆಯುತ್ತೀರಿ, ಒಮ್ಮೊಮ್ಮೆ ನಿಮ್ಮ ಪಾಡಿಗೆ ಇರುತ್ತೀರಿ' ಅನ್ನುವ ಥರದ ಮಾತುಗಳು. ನಿನ್ನೆ ಇದನ್ನು ಏನೂ ಹೇಳದೆ ನಿಮ್ಮಪ್ಪನಿಗೆ ಓದಿ ಹೇಳಿದೆ. 'ನನ್ನನ್ನ ನೋಡಿಯೇ ಬರೆದಂಗಿದೆ' ಅಂದರು.

ಹಾಗಂತ ವ್ಯಕ್ತಿತ್ವದ ಅಧ್ಯಯನವೆಲ್ಲ ಬೊಗಳೆ ಅಂದುಕೊಳ್ಳಬೇಡ. 1936ರಲ್ಲಿ ಗಾರ್ಡನ್ ಆಲ್‌ಪೋರ್ಟ್ ಮತ್ತು ಹೆನ್ರಿ ಆಡ್ಬರ್ಟ್ ಎಂಬ ಮನಶ್ಶಾಸ್ತ್ರಜ್ಞರು ಇಂಗ್ಲಿಷ್ ನಿಘಂಟು ಹಿಡಿದು ಕೂತರು. ಜನರ ಸ್ವಭಾವ ಹೇಳುವ ಸುಮಾರು 18,000 ಪದ ಹೆಕ್ಕಿ ತೆಗೆದರು. ಮುಂದೆ ಬಂದವರು ಅಂಥ ಪದಗಳನ್ನು ಸೋಸುತ್ತಾ ಹೋಗಿ ಐದು ಗುಣಗಳಿಗೆ ಬಂದು ನಿಂತರು. ಹೊಸತಿಗೆ ತೆರೆದುಕೊಳ್ಳುವುದು, ಅಚ್ಚುಕಟ್ಟುತನ, ಜನರೊಂದಿಗೆ ಬೆರೆಯುವುದು, ಹೊಂದಿಕೊಂಡು ಹೋಗುವುದು, ಬೇಗ ತಳಮಳಗೊಳ್ಳುವುದು. ಇದರಲ್ಲಿ ಆ ಬಗೆಯ ಜನ, ಈ ಬಗೆಯ ಜನ ಅಂತಿಲ್ಲ. ಐದೂ ಎಲ್ಲರಲ್ಲೂ ಇವೆ, ಒಬ್ಬರಲ್ಲಿ ಜಾಸ್ತಿ, ಇನ್ನೊಬ್ಬರಲ್ಲಿ ಕಡಿಮೆ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಮನಶ್ಶಾಸ್ತ್ರಜ್ಞ ವಿಲಿಯಂ ಫ್ಲೀಸನ್ 2001ರಲ್ಲಿ ಪ್ರಕಟಿಸಿದ ಕೆಲಸ. ನೀವು ಎಂಥವರು ಅಂತ ಆತ ಕೇಳಲಿಲ್ಲ. ಈಗ, ಈ ಗಂಟೆಯಲ್ಲಿ ಹೇಗೆ ನಡೆದುಕೊಂಡಿರಿ ಅಂತ ದಿನಕ್ಕೆ ಹಲವು ಸಲ ಬರೆಸಿಕೊಂಡ. ನೋಡಿದರೆ, ಒಬ್ಬನೇ ಮನುಷ್ಯ ಬೆಳಗ್ಗೆ ಮಾತಿನಮಲ್ಲ, ಮಧ್ಯಾಹ್ನ ಮೌನಿ, ಸಂಜೆ ಮತ್ತೆ ಮಾತಿನಮಲ್ಲ. ದಿನನಿತ್ಯ ಎಲ್ಲರೂ ಆ ತುದಿಯಿಂದ ಈ ತುದಿಯವರೆಗೆ ಓಡಾಡುತ್ತಲೇ ಇರುತ್ತಾರೆ. ಆದರೆ ಎರಡು ವಾರದ ಸರಾಸರಿ ತೆಗೆದರೆ ಒಬ್ಬೊಬ್ಬರದ್ದೂ ಹೆಚ್ಚು ಕದಲುವುದಿಲ್ಲ. ನಿನ್ನ ರಿಪೋರ್ಟ್ ಹೇಳುವುದು ಹೆಚ್ಚೆಂದರೆ ಆ ಸರಾಸರಿ. ಸೋಮವಾರ ಬೆಳಗ್ಗೆ ಮೀಟಿಂಗ್‌ನಲ್ಲಿ ನೀನು ಮಾತಾಡಬಲ್ಲೆಯಾ ಅನ್ನುವುದನ್ನು ಅದು ಹೇಳುವುದಿಲ್ಲ.

ಇನ್ನೊಂದು ಮುಖವನ್ನೂ ಹೇಳಬೇಕು, ಇಲ್ಲದಿದ್ದರೆ ಅಮ್ಮ ಬರೀ ಹುರಿದುಂಬಿಸಿದಳು ಅಂತೀಯ. 2019ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಜನರಿಗೆ ಒಂದು ವಾರ ಬಹಿರ್ಮುಖಿಗಳ ಹಾಗೆ ನಡೆದುಕೊಳ್ಳಿ ಅಂದಿದ್ದರು. ಒಟ್ಟಾರೆ ಜನರ ಖುಷಿ ಹೆಚ್ಚಿತು. ಆದರೆ ತುಂಬಾ ಅಂತರ್ಮುಖಿಗಳಾದವರಿಗೆ ಅಷ್ಟು ಲಾಭ ಆಗಲಿಲ್ಲ. ಸುಸ್ತಾಯಿತು, ನಾವು ನಾವಾಗಿಲ್ಲ ಅನ್ನಿಸಿತು. ಅಂದರೆ ಇಡೀ ದಿನ ವೇಷ ಹಾಕಬೇಕಾದ ಕೆಲಸವಾದರೆ ಯೋಚನೆ ಮಾಡು. ದಿನದಲ್ಲಿ ಒಂದೆರಡು ಗಂಟೆ ಆದರೆ ಅದಕ್ಕೆ ಹೆದರುವಂಥದ್ದೇನಿಲ್ಲ.

ಸ್ವಭಾವವೂ ಕಲ್ಲಲ್ಲ ಕಣೇ. 2006ರಲ್ಲಿ ಬ್ರೆಂಟ್ ರಾಬರ್ಟ್ಸ್ ಮತ್ತು ಜೊತೆಗಾರರು 92 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಇಪ್ಪತ್ತರಿಂದ ನಲವತ್ತರ ನಡುವೆ ಜನರ ಅಚ್ಚುಕಟ್ಟುತನ ಏರುತ್ತದೆ, ತಳಮಳ ಇಳಿಯುತ್ತದೆ. ನೀನು ಸರಿಯಾಗಿ ಆ ವಯಸ್ಸಿನಲ್ಲೇ ಇದ್ದೀಯ. ಬೇಕೆಂದೇ ಬದಲಾಗಲು ಹೊರಟವರ ಮೇಲೂ ಕೆಲಸ ನಡೆದಿದೆ. ಬದಲಾಗಬೇಕು ಅಂತ ಬಯಸಿದರೆ ಸಾಲದು, ಒಪ್ಪಿಕೊಂಡ ಸಣ್ಣ ಸಣ್ಣ ಕೆಲಸವನ್ನು ನಿಜವಾಗಿ ಮಾಡಬೇಕು ಅನ್ನುವುದೇ ಅದರಲ್ಲಿ ಕಂಡದ್ದು.

ಇಷ್ಟೆಲ್ಲ ಬರೆದರೂ, ನೀನು ನೋಡುತ್ತಿರುವ ಜಾಗವೇ ತಪ್ಪು ಅಂತ ನನಗನ್ನಿಸುತ್ತದೆ. ನಾನು ಈ ಕೆಲಸಕ್ಕೆ ಸರಿಯಾ ಅಂತ ಕೇಳಿಕೊಳ್ಳುತ್ತಿದ್ದೀಯ. ಕೆಲಸ ಹೇಗಿದೆ ಅಂತ ಕೇಳಿದೆಯಾ? 1979ರಲ್ಲಿ ರಾಬರ್ಟ್ ಕರಾಸೆಕ್ ಎಂಬ ಸಂಶೋಧಕ ಒಂದು ವಿಷಯ ಎತ್ತಿ ತೋರಿಸಿದ. ಕೆಲಸ ಜಾಸ್ತಿ ಇದ್ದ ಮಾತ್ರಕ್ಕೆ ಜನ ಕುಗ್ಗುವುದಿಲ್ಲ. ಕೆಲಸ ಜಾಸ್ತಿ, ತೀರ್ಮಾನ ತೆಗೆದುಕೊಳ್ಳುವ ಸ್ವಾತಂತ್ರ್ಯ ಕಡಿಮೆ, ಎರಡೂ ಸೇರಿದಾಗ ಕುಗ್ಗುತ್ತಾರೆ. ಲೀಡ್ ಅಂತ ಹೆಸರು ಕೊಟ್ಟು, ರಜೆ ಮಂಜೂರು ಮಾಡುವುದಕ್ಕೂ ಮೇಲಿನವರನ್ನು ಕೇಳಬೇಕು ಅಂದರೆ ಎಂಥ ಬಹಿರ್ಮುಖಿಯೂ ಬಸವಳಿಯುತ್ತಾನೆ.

ಮನೆಯ ಮಾತಿಗೆ ಬರುತ್ತೇನೆ. ಮೊನ್ನೆ ವಿಡಿಯೋ ಕಾಲ್‌ನಲ್ಲಿ ನನ್ನ ಜೊತೆ ಮಾತಾಡುತ್ತಲೇ ನಿನ್ನ ಕಣ್ಣು ಲ್ಯಾಪ್‌ಟಾಪ್ ಕಡೆ ಹೋಗುತ್ತಿತ್ತು. ಮಗು ಎರಡು ಸಲ ಕರೆಯಿತು. ಮೂರನೇ ಸಲ ನೀನು ಗದರಿದೆ. ಬೈಯೋದಕ್ಕೆ ಹೇಳ್ತಿಲ್ಲ. ಗ್ರೀನ್‌ಹಾಸ್ ಮತ್ತು ಬ್ಯೂಟೆಲ್ ಎಂಬ ಸಂಶೋಧಕರು 1985ರಲ್ಲೇ ಹೇಳಿದ್ದಾರೆ, ಕೆಲಸಕ್ಕೂ ಮನೆಗೂ ಜಗಳ ಹತ್ತುವುದು ಬರೀ ಹೊತ್ತಿಗಾಗಿ ಅಲ್ಲ. ಅಲ್ಲಿಯ ಆಯಾಸ ಇಲ್ಲಿಗೆ ಬರುತ್ತದೆ. ಅಲ್ಲಿ ನಡೆದುಕೊಳ್ಳುವ ರೀತಿಯೂ ಇಲ್ಲಿಗೆ ಬಂದು ಹೊಂದದೆ ಹೋಗುತ್ತದೆ. ಆ ದಿನ ನಿನಗೆ ಹೊತ್ತು ಇತ್ತು. ಮನಸ್ಸು ಮಾತ್ರ ಇನ್ನೂ ಆಫೀಸಿನಿಂದ ಹೊರಟಿರಲಿಲ್ಲ. ಜರ್ಮನಿಯ ಸಬೀನೆ ಝೊನೆನ್‌ಟಾಗ್ ವರ್ಷಗಳ ಕಾಲ ಇದನ್ನೇ ಅಧ್ಯಯನ ಮಾಡಿದವರು. ಕೆಲಸ ಮುಗಿದ ಮೇಲೆ ಮನಸ್ಸು ಕೆಲಸವನ್ನು ಕೈಬಿಟ್ಟರೆ ಜನ ಚೇತರಿಸಿಕೊಳ್ಳುತ್ತಾರೆ, ಬಿಡದಿದ್ದರೆ ಸುಸ್ತು ಕೂಡುತ್ತಾ ಹೋಗುತ್ತದೆ. ಕೆಲಸದ ಒತ್ತಡ ಜಾಸ್ತಿ ಇದ್ದಷ್ಟೂ ಕೈಬಿಡುವುದು ಕಷ್ಟ. ಯಾರಿಗೆ ತುಂಬಾ ಬೇಕೋ ಅವರಿಗೇ ಸಿಗುವುದಿಲ್ಲ, ಅಲ್ವಾ?

ಅದಕ್ಕೇ ಮ್ಯಾನೇಜರ್ ಹತ್ತಿರ ಹೋಗುವಾಗ ರಿಪೋರ್ಟ್ ಮನೆಯಲ್ಲೇ ಇರಲಿ. ಮೂರು ವಿಷಯ ಕೇಳು. ಯಾವ ತೀರ್ಮಾನಗಳು ಪೂರ್ತಿ ನಿನ್ನ ಕೈಯಲ್ಲಿರುತ್ತವೆ? ದಿನದಲ್ಲಿ ಎಷ್ಟು ಹೊತ್ತು ಮೀಟಿಂಗ್, ಎಷ್ಟು ಹೊತ್ತು ಒಬ್ಬಳೇ ಕೂತು ಮಾಡುವ ಕೆಲಸ? ಆಫೀಸ್ ಮುಗಿದ ಮೇಲೆ ಬರುವ ಮೆಸೇಜ್‌ಗಳಿಗೆ ಉತ್ತರ ಕೊಡಬೇಕಾದವರು ಯಾರು, ದಿನಾ ನೀನೇನಾ? ಮೂರನೆಯದಕ್ಕೆ 'ನೋಡೋಣ' ಅಂತ ಹೇಳಿ ಜಾರಿಕೊಂಡರೆ ಬರಹದಲ್ಲಿ ಕೇಳು. ಅಳಿಯಂದಿರ ಜೊತೆಯೂ ಕೂತು ಮಾತಾಡು. ಸಂಜೆ ಮಗುವಿನ ಓದು, ಮಲಗಿಸೋದು ಯಾವ ದಿನ ಯಾರದ್ದು ಅಂತ ಕೆಲಸ ಒಪ್ಪಿಕೊಳ್ಳುವ ಮೊದಲೇ ಇತ್ಯರ್ಥ ಆಗಲಿ.

ಮ್ಯಾನೇಜರ್ ಏನಂದರು ಅಂತ ಬರಿ. ಫೋನಿನಲ್ಲಾದರೆ ರಾತ್ರಿ ಮಗು ಮಲಗಿದ ಮೇಲೆ ಮಾಡು, ನಾವು ಎದ್ದೇ ಇರುತ್ತೇವೆ.

ನಿನ್ನ
ಅಮ್ಮ