ಕಲ್ಲಿನ ಮೇಲಿನ ಸಾಲನ್ನು ನಾನು ಹೇಗೆ ಬದಲಾಯಿಸಲಿ? ಉನ್ನತ ಶಿಕ್ಷಣ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಉನ್ನತ ಶಿಕ್ಷಣ ಸಚಿವರಿಗೆ ನಮಸ್ಕಾರಗಳು.

ಈ ಪತ್ರವನ್ನು ಮೊದಲೇ ಬರೆಯಬೇಕಿತ್ತು. ನನ್ನಿಂದ ಗೈಡ್‌ಗೆ ತೊಂದರೆ ಆಗುವುದು ಬೇಡ ಅಂತ ಸುಮ್ಮನಿದ್ದೆ. ಹೋದ ವಾರ ನನ್ನ ಪಿಎಚ್.ಡಿ. ಪ್ರಬಂಧ ಮೂರನೇ ಸಲ ವಾಪಸ್ ಬಂತು. ಇನ್ನು ಸುಮ್ಮನಿರಲು ಆಗುತ್ತಿಲ್ಲ.

ನಾನು ಹಾಸನ ಜಿಲ್ಲೆಯ ಹಳ್ಳಿಗಳ ಶಾಸನಗಳ ಮೇಲೆ ಕೆಲಸ ಮಾಡುತ್ತಿದ್ದೇನೆ. ವಾರದಲ್ಲಿ ನಾಲ್ಕು ದಿನ ಅತಿಥಿ ಉಪನ್ಯಾಸಕಿ. ಉಳಿದ ದಿನ ಬಸ್ಸು, ಹಳ್ಳಿ, ಕಲ್ಲು. ಶಾಸನದ ಕಲ್ಲು ಎಲ್ಲೆಲ್ಲಿರುತ್ತದೆ ಗೊತ್ತಾ ಸಾರ್? ಒಂದು ಕಡೆ ವೀರಗಲ್ಲಿನ ಮೇಲೆ ಬಟ್ಟೆ ಒಗೆಯುತ್ತಿದ್ದರು. ಇನ್ನೊಂದು ಕಡೆ ದಾನಶಾಸನ ಕೊಟ್ಟಿಗೆಯ ಗೋಡೆಗೆ ಸೇರಿಹೋಗಿತ್ತು. ಮನೆಯವರನ್ನು ಒಪ್ಪಿಸಬೇಕು, ಪಾಚಿ ಉಜ್ಜಿ ತೊಳೆಯಬೇಕು. ಒದ್ದೆ ಕಾಗದ ಹಾಸಿ ಬ್ರಶ್ಶಿನಲ್ಲಿ ತಟ್ಟಿ, ಮಸಿ ಒತ್ತಿ ಪಡಿಯಚ್ಚು ತೆಗೆಯಬೇಕು. ಗಾಳಿ ಬೀಸಿ ಕಾಗದ ಹರಿದರೆ ಆ ದಿನ ಹೋಯಿತು. ಹೀಗೆ ಐದು ವರ್ಷ ಓಡಾಡಿದ್ದೇನೆ. ಮಗನಿಗೆ ಜ್ವರ ಬಂದ ದಿನವೂ ಅಮ್ಮನ ಹತ್ತಿರ ಬಿಟ್ಟು ಹೋಗಿದ್ದೇನೆ. ಅದು ನೆನಪಾದರೆ ಈಗಲೂ ಸಂಕಟ ಆಗುತ್ತದೆ.

ಪ್ರಬಂಧ ಬರೆದೆ. ಗೈಡ್ ಒಪ್ಪಿದರು. ಕೃತಿಚೌರ್ಯ ಪತ್ತೆ ಮಾಡುವ ಸಾಫ್ಟ್‌ವೇರ್‌ಗೆ ಹಾಕಿದರು. ಬೇರೆ ಬರಹಗಳ ಜೊತೆ ಹೋಲಿಕೆ 34 ಪರ್ಸೆಂಟ್ ಬಂತು.

ವಿಶ್ವವಿದ್ಯಾಲಯ ಧನಸಹಾಯ ಆಯೋಗ, ಅಂದರೆ ಯುಜಿಸಿಯ 2018ರ ಕೃತಿಚೌರ್ಯದ ನಿಯಮ ನಿಮಗೆ ಗೊತ್ತೇ ಇದೆ. 10 ಪರ್ಸೆಂಟ್‌ವರೆಗೆ ತಕರಾರಿಲ್ಲ. 10ರಿಂದ 40ರ ಒಳಗಿದ್ದರೆ ತಿದ್ದಿ ಮತ್ತೆ ಕೊಡಬೇಕು. ಸರಿ, ತಿದ್ದೋಣ ಅಂತ ವರದಿ ತೆಗೆದು ನೋಡಿದೆ. ಪುಟಗಟ್ಟಲೆ ಕೆಂಪು. ಆ ಕೆಂಪೆಲ್ಲ ನನ್ನ ಮಾತಿನ ಮೇಲಲ್ಲ, ಶಾಸನದ ಮೂಲಪಾಠದ ಮೇಲೆ! ಬಿ.ಎಲ್. ರೈಸ್ ಅವರು 1886ರಿಂದ ಎಪಿಗ್ರಾಫಿಯಾ ಕರ್ನಾಟಿಕಾ ಅನ್ನುವ ಶಾಸನ ಸಂಪುಟಗಳಲ್ಲಿ ಅಚ್ಚು ಹಾಕಿಸಿದ ಪಾಠಗಳವು. ನನಗಿಂತ ಮುಂಚೆ ಪಿಎಚ್.ಡಿ. ಮಾಡಿದವರೂ ಅದನ್ನೇ ಉದ್ಧರಿಸಿದ್ದಾರೆ. ಬೇರೆ ಏನನ್ನು ಉದ್ಧರಿಸಲು ಸಾಧ್ಯ?

ದಾನಶಾಸನಗಳ ಕೊನೆಗೆ ಬರುವ ಶಾಪದ ಶ್ಲೋಕವನ್ನು ನೀವೂ ಕೇಳಿರುತ್ತೀರಿ. 'ಸ್ವದತ್ತಾಂ ಪರದತ್ತಾಂ ವಾ ಯೋ ಹರೇತ ವಸುಂಧರಾಂ, ಷಷ್ಟಿಂ ವರ್ಷಸಹಸ್ರಾಣಿ ವಿಷ್ಠಾಯಾಂ ಜಾಯತೇ ಕೃಮಿಃ.' ತಾನು ಕೊಟ್ಟಿದ್ದಾಗಲಿ, ಬೇರೆಯವರು ಕೊಟ್ಟಿದ್ದಾಗಲಿ, ದಾನದ ಭೂಮಿ ಕಿತ್ತುಕೊಂಡವನು 60 ಸಾವಿರ ವರ್ಷ ಹೇಸಿಗೆಯಲ್ಲಿ ಹುಳುವಾಗಿ ಹುಟ್ಟುತ್ತಾನೆ ಅಂತ. ಕರ್ನಾಟಕದ ಊರೂರಿನ ಕಲ್ಲಿನ ಮೇಲೆ ಇದೇ ಶ್ಲೋಕ ಇದೆ. ನನ್ನ ಪ್ರಬಂಧದಲ್ಲಿ ಅದು ಬಂದ ಕಡೆಯೆಲ್ಲ ಕಳವು ಅಂತ ಲೆಕ್ಕವಾಗಿದೆ. ಎಲ್ಲರಿಗೂ ಗೊತ್ತಿರುವ ಮಾತು ಸತತ 14 ಪದದವರೆಗೆ ಹೊಂದಿಕೆಯಾದರೆ ಎಣಿಸಬಾರದು ಅಂತ ಅದೇ 2018ರ ನಿಯಮ ಹೇಳುತ್ತದೆ. ಈ ಶ್ಲೋಕದ ಪದ ಎಣಿಸಿದೆ ಸಾರ್. 11 ಇವೆ.

ವರದಿ ಹಿಡಿದುಕೊಂಡು ವಿಭಾಗಕ್ಕೆ ಹೋದೆ. ಅಲ್ಲಿದ್ದ ಅಧಿಕಾರಿ ಪುಟ ತಿರುವಿ ಹಾಕಿ ಹೇಳಿದರು: "ಮೇಡಂ, ಇದನ್ನೆಲ್ಲ ನಿಮ್ಮದೇ ಮಾತಲ್ಲಿ ಬರೆದುಕೊಂಡು ಬನ್ನಿ. ಪರ್ಸೆಂಟ್ ತಾನಾಗೇ ಇಳಿಯುತ್ತೆ."

ಹೊಯ್ಸಳರ ಕಾಲದ ಶಾಸನವನ್ನು ನನ್ನ ಮಾತಲ್ಲಿ ಬರೆಯಬೇಕಂತೆ.

ಅವರಿಗೆ ಬಿಡಿಸಿ ಹೇಳಿದೆ. ಒಂದು ಅಕ್ಷರ ಬದಲಾದರೂ ಅದು ಶಾಸನವಾಗಿ ಉಳಿಯುವುದಿಲ್ಲ, ನಾನು ಸೃಷ್ಟಿಸಿದ ಸುಳ್ಳು ದಾಖಲೆ ಆಗುತ್ತದೆ ಅಂದೆ. "ರೂಲ್ಸ್ ಎಲ್ಲರಿಗೂ ಒಂದೇ ಮೇಡಂ" ಅಂದರು. ಹೊರಗೆ ಬಂದಾಗ ಜೆರಾಕ್ಸ್ ಅಂಗಡಿಯಲ್ಲಿ ಒಬ್ಬ ಹುಡುಗ ಕರೆದ. ಅಕ್ಷರಗಳ ನಡುವೆ ಕಣ್ಣಿಗೆ ಕಾಣದ ಚಿಹ್ನೆ ತುರುಕುತ್ತೇನೆ, ಸಾಫ್ಟ್‌ವೇರ್‌ಗೆ ಸಿಗಲ್ಲ, ಮೂರು ಸಾವಿರ ಕೊಡಿ ಅಂದ. ಕಳ್ಳತನ ಮಾಡದವಳಿಗೆ ಕಳ್ಳತನದ ದಾರಿ ತೋರಿಸುವ ಸ್ಥಿತಿ ತಂದಿಟ್ಟಿದ್ದೀರಿ. ಅವತ್ತು ಬಸ್‌ಸ್ಟ್ಯಾಂಡಿನಲ್ಲಿ ಕೂತು ಅತ್ತುಬಿಟ್ಟೆ.

ರೂಲ್ಸ್ ಎಲ್ಲರಿಗೂ ಒಂದೇ ಅನ್ನುವುದಾದರೆ ಪೂರ್ತಿ ಓದಲಿ. ಆಕರ ಹೇಳಿ ಉದ್ಧರಿಸಿದ ಭಾಗವನ್ನು ಹೋಲಿಕೆಯಿಂದ ಬಿಡಬೇಕು ಅಂತ ಅದರಲ್ಲೇ ಇದೆ. ಎಲ್ಲರೂ ಬಳಸುವ ಪ್ರಮಾಣಿತ ಸಮೀಕರಣಗಳನ್ನೂ ಬಿಡಬೇಕು ಅಂತಿದೆ. ನನ್ನ ಗೆಳತಿಯೊಬ್ಬಳು ಗಣಿತದಲ್ಲಿ ಪಿಎಚ್.ಡಿ. ಮಾಡಿದಳು. ಈ ಸಮೀಕರಣವನ್ನು ನಿಮ್ಮ ಮಾತಲ್ಲಿ ಬರೆಯಿರಿ ಅಂತ ಅವಳಿಗೆ ಯಾರೂ ಹೇಳಲಿಲ್ಲ. ಹೇಳಬಾರದು ಕೂಡ. ನಮಗೆ ಶಾಸನದ ಪಾಠ ಅವಳ ಸಮೀಕರಣ ಇದ್ದ ಹಾಗೆ, ಅಲ್ವಾ?

ನಾನು ಕೇಳುತ್ತಿರುವುದು ಇಷ್ಟೇ. ವಿಷಯಕ್ಕೆ ತಕ್ಕ ಅಳತೆ ಕೊಡಿ.

ಒಂದೇ ವಿಶ್ವವಿದ್ಯಾಲಯದ ಒಂದೇ ಹಾಸ್ಟೆಲಿನಲ್ಲಿ ನಾವು ಏನೇನು ಕೆಲಸ ಮಾಡುತ್ತೇವೆ, ನೋಡಿ. ನನ್ನ ರೂಮಿನಲ್ಲಿದ್ದವಳು ಹಣ್ಣಿನ ನೊಣದ ಮೇಲೆ ಕೆಲಸ ಮಾಡುತ್ತಿದ್ದಳು. ಆ ನೊಣಕ್ಕೆ ಹತ್ತು ಹನ್ನೆರಡು ದಿನಕ್ಕೆ ಒಂದು ತಲೆಮಾರು. ಒಂದು ವರ್ಷದಲ್ಲಿ ಅವಳು ಮೂವತ್ತು ತಲೆಮಾರು ನೋಡಬಹುದು. ಪಕ್ಕದ ರೂಮಿನವಳದು ಪಶ್ಚಿಮ ಘಟ್ಟದ ಕಪ್ಪೆ. ಮಳೆ ಬಂದರೆ ಕಪ್ಪೆ, ಕಪ್ಪೆ ಕೂಗಿದರೆ ಕೆಲಸ. ಮಳೆ ಕೈಕೊಟ್ಟರೆ ವರ್ಷವೇ ಹೋಯಿತು. ನೀಲಕುರಿಂಜಿ ಗಿಡದ ಹೂವಿನ ಮೇಲೆ ಕೆಲಸ ಮಾಡುವವರ ಕಥೆ ಏನು? ಅದು ಅರಳುವುದು 12 ವರ್ಷಕ್ಕೊಮ್ಮೆ. ಪಿಎಚ್.ಡಿ.ಗೆ ಸಾಮಾನ್ಯವಾಗಿ ಕೊಡುವುದು ಆರು ವರ್ಷ. ಇವರೆಲ್ಲರಿಗೂ ಒಂದೇ ಫಾರಂ, ಒಂದೇ ಆರು ತಿಂಗಳ ಪ್ರಗತಿ ವರದಿ. "ಎಷ್ಟು ಪೇಪರ್ ಆಯ್ತು?" ಅಂತ ಎಲ್ಲರಿಗೂ ಒಂದೇ ಪ್ರಶ್ನೆ.

ಆ ಪೇಪರಿನ ವಿಷಯಕ್ಕೂ ಬರುತ್ತೇನೆ. ಪ್ರಬಂಧ ಸಲ್ಲಿಸುವ ಮುಂಚೆ ಸಂಶೋಧನಾ ಪತ್ರಿಕೆಯಲ್ಲಿ ಪೇಪರ್ ಪ್ರಕಟಿಸಲೇಬೇಕು ಅನ್ನುವ ಕಡ್ಡಾಯವನ್ನು ಯುಜಿಸಿ 2022ರಲ್ಲೇ ತೆಗೆಯಿತು. ನಮ್ಮಲ್ಲಿ ಕೇಳುವುದು ನಿಂತಿಲ್ಲ. ಆ ಪತ್ರಿಕೆಗೆ ಇಂಪ್ಯಾಕ್ಟ್ ಫ್ಯಾಕ್ಟರ್ ಬೇರೆ ಇರಬೇಕಂತೆ. ಪತ್ರಿಕೆಯ ಹಿಂದಿನ ಎರಡು ವರ್ಷದ ಲೇಖನಗಳು ಈ ವರ್ಷ ಸರಾಸರಿ ಎಷ್ಟು ಸಲ ಉಲ್ಲೇಖವಾದವು ಅನ್ನುವ ಲೆಕ್ಕ ಅದು. ಕ್ಯಾನ್ಸರ್ ಔಷಧಿಯ ಸಂಶೋಧನೆಗೆ ಅದು ಸರಿ ಇರಬಹುದು. ಶಾಸನದ ಓದನ್ನು ಎರಡು ವರ್ಷದಲ್ಲಿ ಯಾರು ಅಳೆಯುತ್ತಾರೆ? ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿ ವಿದ್ವಾಂಸ ಶಾಮಶಾಸ್ತ್ರಿಗಳಿಗೆ ಸಿಕ್ಕಿದ್ದು 1905ರಲ್ಲಿ, ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ. ಮೂಲ ಅಚ್ಚಾಗಿದ್ದು 1909ರಲ್ಲಿ. ಜಗತ್ತು ಇವತ್ತಿಗೂ ಅದನ್ನು ಓದುತ್ತಿದೆ. ನಮ್ಮ ಜಿಲ್ಲೆಯದೇ ಆದ ಹಲ್ಮಿಡಿ ಶಾಸನವನ್ನು ಎಂ.ಎಚ್. ಕೃಷ್ಣ ಅವರು 1936ರಲ್ಲಿ ಬೆಳಕಿಗೆ ತಂದರು. ಅದರ ಕಾಲ ಯಾವುದು, ಒಂದೊಂದು ಪದದ ಅರ್ಥ ಏನು ಅನ್ನುವ ಚರ್ಚೆ ಇನ್ನೂ ನಡೆಯುತ್ತಿದೆ.

ಇನ್ನು ತಳಿ ವಿಜ್ಞಾನಿ 'ರಾಗಿ' ಲಕ್ಷ್ಮಣಯ್ಯನವರು. ಮಂಡ್ಯದ ವಿ.ಸಿ. ಫಾರಂ ಕೃಷಿ ಸಂಶೋಧನಾ ಕೇಂದ್ರದಲ್ಲಿ ನಮ್ಮ ರಾಗಿಗೆ ಆಫ್ರಿಕಾದ ರಾಗಿ ಕೂಡಿಸಿ ಇಂಡಾಫ್ ತಳಿಗಳನ್ನು ತಂದರು. ಅವರ ಕೆಲಸದ ಅಳತೆ ಇದ್ದದ್ದು ರೈತನ ಕಣಜದಲ್ಲಿ. ಅವರಿಗೂ ನಮ್ಮ ಈ ಪ್ರಗತಿ ವರದಿಯ ಫಾರಂ ಕೊಟ್ಟಿದ್ದರೆ ಯಾವ ಕಾಲಂ ತುಂಬುತ್ತಿದ್ದರು?

ಈ ಒತ್ತಡಕ್ಕೆ ಹುಟ್ಟಿದ ಪತ್ರಿಕೆಗಳನ್ನು ನೀವು ಒಮ್ಮೆ ತರಿಸಿ ನೋಡಬೇಕು. ನನಗೂ ಒಂದರಿಂದ ವಾಟ್ಸಾಪ್ ಬಂತು. ಸಾವಿರದ ಐನೂರು ಕಟ್ಟಿದರೆ ಮೂರು ದಿನದಲ್ಲಿ ಪ್ರಕಟಣೆ, ಸರ್ಟಿಫಿಕೇಟ್ ಉಚಿತ. ಅವರ ಹಳೆಯ ಸಂಚಿಕೆ ತೆರೆದೆ. ಮೊದಲು ವಚನಗಳಲ್ಲಿ ಸ್ತ್ರೀ. ಆಮೇಲೆ ಸಹಕಾರಿ ಬ್ಯಾಂಕಿನ ಸಾಲ. ಅದರ ಕೆಳಗೆ ಕಬಡ್ಡಿ ಆಟಗಾರರ ಉಸಿರಾಟ, ಕೆರೆ ನೀರಿನ ಪಾಚಿ, ಆನ್‌ಲೈನ್ ಮಾರಾಟ. ಎಲ್ಲಕ್ಕೂ ಸಂಪಾದಕರು ಒಬ್ಬರೇ. ಬೇರೆ ಬೇರೆ ವಿಷಯ ಒಂದು ಕಡೆ ಬಂದಿದ್ದು ತಪ್ಪಲ್ಲ. ಆ ವೈವಿಧ್ಯ ನನಗೆ ಹೆಮ್ಮೆ. ಆದರೆ ಪಾಚಿ ಗೊತ್ತಿರುವವರು ಪಾಚಿಯ ಲೇಖನ ಓದಿದರಾ? ವಚನ ಗೊತ್ತಿರುವವರು ವಚನದ್ದು ಓದಿದರಾ? ಆ ಐದೂ ಜನ ನನ್ನ ಹಾಗೇ ಕಷ್ಟಪಟ್ಟಿರಬಹುದು. ಫಾರಂನ ಒಂದು ಕಾಲಂ ತುಂಬಲು ದುಡ್ಡು ಕಟ್ಟಿದ್ದಾರೆ. ನಾನು ಕಟ್ಟಲಿಲ್ಲ. ಅದಕ್ಕೇ ನನ್ನ ಫಾರಂನಲ್ಲಿ ಆ ಕಾಲಂ ಖಾಲಿ.

ನೀವು ರಾಜ್ಯದ ವಿಶ್ವವಿದ್ಯಾಲಯಗಳ ಸಹಕುಲಾಧಿಪತಿಗಳು. ಹೊಸ ಕಾನೂನು ಬೇಕಿಲ್ಲ, ಇರುವ ನಿಯಮವನ್ನು ಪೂರ್ತಿ ಪಾಲಿಸಿ ಅಂತ ಕುಲಪತಿಗಳಿಗೆ ಒಂದು ಪತ್ರ ಬರೆದರೂ ಸಾಕು. ಶಾಸನ, ಹಸ್ತಪ್ರತಿ, ಜನಪದ ಹಾಡು, ಇವುಗಳ ಮೂಲಪಾಠವನ್ನು ಪರ್ಸೆಂಟ್ ಲೆಕ್ಕದಿಂದ ಬಿಡಿಸಿ. ಸಾಫ್ಟ್‌ವೇರ್ ವರದಿಯನ್ನು ಆ ವಿಷಯ ಬಲ್ಲವರು ಓದಿದ ಮೇಲೆಯೇ ತೀರ್ಮಾನ ಆಗಲಿ. ಕಪ್ಪೆಯವಳಿಗೆ ಮಳೆಯ ಲೆಕ್ಕ, ನೊಣದವಳಿಗೆ ನೊಣದ ಲೆಕ್ಕ, ನನಗೆ ಕಲ್ಲಿನ ಲೆಕ್ಕ. ವಿಷಯಕ್ಕೆ ತಕ್ಕ ಅಳತೆ ಕೊಡಿ ಸಾರ್.

ನನ್ನ ಆರು ವರ್ಷ ಬರುವ ಮಾರ್ಚ್ 31ಕ್ಕೆ ಮುಗಿಯುತ್ತದೆ. ಪ್ರಬಂಧ ಮೇಜಿನ ಮೇಲೆ ಹಾಗೇ ಇದೆ. ಶಾಪದ ಶ್ಲೋಕವನ್ನು ಎಲ್ಲೂ ತೆಗೆದಿಲ್ಲ, ತೆಗೆಯುವುದೂ ಇಲ್ಲ. ಅಷ್ಟರೊಳಗೆ ನಿಮ್ಮ ಕಚೇರಿಯಿಂದ ಉತ್ತರ ಬರಲಿ ಅಂತ ಕಾಯುತ್ತಿದ್ದೇನೆ.

ಇಂತಿ,
ಹಾಸನ ಜಿಲ್ಲೆಯ ಒಬ್ಬ ಸಂಶೋಧನಾ ವಿದ್ಯಾರ್ಥಿನಿ